ಕೊರತೆ ಸಮಯದ್ದಲ್ಲ, ಸಂಕಲ್ಪದ್ದು

ಸಕ್ಕರೆ ಕಾಯಿಲೆಯ ಬಗ್ಗೆ ವೈದ್ಯರು ಎಚ್ಚರಿಸಿದ ಮರುದಿನವೇ ನಮ್ಮಲ್ಲಿ ಅನೇಕರು ವಾಕಿಂಗ್ ಆರಂಭಿಸುತ್ತಾರೆ. ಮೂರನೆಯ ವಾರಕ್ಕೆ ಹೊಸ ಶೂ ಮೂಲೆ ಸೇರುತ್ತದೆ. ಕೇಳಿದರೆ, ಸಮಯವಿಲ್ಲ ಎಂಬ ಉತ್ತರ ಸಿದ್ಧವಿರುತ್ತದೆ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂತಹ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಐದು ದಿನ, ಅರ್ಧ ಗಂಟೆಯಂತೆ. 2024ರಲ್ಲಿ ಅದು ಪ್ರಕಟಿಸಿದ ಮಾಹಿತಿಯಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಇಷ್ಟನ್ನೂ ಮಾಡುತ್ತಿರಲಿಲ್ಲ. ಮಹಿಳೆಯರಲ್ಲಂತೂ ಈ ಪ್ರಮಾಣ ಶೇ. 57.

ಭಯದಿಂದ ಹುಟ್ಟಿದ ಉತ್ಸಾಹ ಭಯ ಇಳಿದೊಡನೆ ಇಳಿಯುತ್ತದೆ. ಉಳಿಯುವುದು ಅಭ್ಯಾಸ ಮಾತ್ರ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ಅಭ್ಯಾಸವಾಗಲು ಸರಾಸರಿ 66 ದಿನಗಳು ಹಿಡಿದಿದ್ದವು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ. ಆದ್ದರಿಂದ ಮೂರು ವಾರಕ್ಕೇ ಕೈಚೆಲ್ಲುವುದೂ ಸರಿಯಲ್ಲ, ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಬಿಡುವುದೂ ಸರಿಯಲ್ಲ. ದಿನವೂ ನಿಶ್ಚಿತ ಹೊತ್ತಿಗೆ, ಹತ್ತೇ ನಿಮಿಷವಾದರೂ ನಡೆಯುವುದು ಲೇಸು.

ಆದರೆ ಸಂಕಲ್ಪವೆಂಬುದು ಒಬ್ಬರ ಮನಸ್ಸಿನಲ್ಲಷ್ಟೇ ಬೆಳೆಯುವಂಥದ್ದಲ್ಲ. ಮನೆಗೆಲಸವೇ ಸಾಕಷ್ಟು ವ್ಯಾಯಾಮವೆಂದು ಮಹಿಳೆಯರ ಬಾಯಿ ಮುಚ್ಚಿಸುವವರು ನಮ್ಮಲ್ಲಿದ್ದಾರೆ. ಅಡುಗೆಮನೆಯಿಂದ ಅರ್ಧ ಗಂಟೆಯ ಬಿಡುವನ್ನೂ ಕೊಡದೆ, ಆಕೆಗೆ ಆಸಕ್ತಿಯಿಲ್ಲವೆಂದು ದೂರುವುದು ಯಾವ ನ್ಯಾಯ? ತಾಯಿ, ಪತ್ನಿ, ಮಗಳು ನಿಶ್ಚಿಂತೆಯಿಂದ ನಡೆದಾಡುವ ವಾತಾವರಣವನ್ನು ಮನೆಯ ಗಂಡಸರೇ ನಿರ್ಮಿಸಬೇಕು. ಔಷಧಿಯ ಚೀಟಿ ಉದ್ದವಾಗುವವರೆಗೆ ಕಾಯುವುದೇಕೆ?