ಮಕ್ಕಳ ಉಡುಪು ಮತ್ತು ವರ್ತಕರ ಹೊಣೆ

ಹಬ್ಬವೋ ಮದುವೆಯೋ ಸಮೀಪಿಸಿದಾಗ ಆರು ವರ್ಷದ ಮಗುವಿಗೆ ಒಂದು ಜೊತೆ ಬಟ್ಟೆ ಕೊಳ್ಳಲು ಹೊರಡುವ ತಂದೆತಾಯಿಗಳು ಇಂದು ಒಂದು ವಿಚಿತ್ರ ಸಂಕಟಕ್ಕೆ ಸಿಲುಕುತ್ತಾರೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಮುಖ್ಯ ಬೀದಿಯಲ್ಲಾಗಲಿ ಅಂಗಡಿಗಳಿಗೆ ಕೊರತೆಯಿಲ್ಲ. ಅಂಗಡಿಗಳಲ್ಲಿ ಸರಕಿಗೂ ಕೊರತೆಯಿಲ್ಲ. ಕೊರತೆಯಿರುವುದು ಮಗು ಹಾಕಿಕೊಂಡು ಓಡಬಹುದಾದ, ಕುಳಿತು ಉಣ್ಣಬಹುದಾದ, ಬೆವರಿದರೆ ಮೈ ಕಡಿಯದ, ಒಗೆದರೆ ಹಾಳಾಗದ ಸರಳ ಉಡುಪಿಗೆ. ನಾಲ್ಕು ಅಂಗಡಿ ಹತ್ತಿಳಿದು, ಮಗುವೂ ದಣಿದು, ಕಡೆಗೆ ‘ಇದ್ದುದರಲ್ಲಿ ಇದೇ ವಾಸಿ’ ಎಂದು ಯಾವುದೋ ಒಂದನ್ನು ಕಟ್ಟಿಸಿಕೊಂಡು ಬರುವುದು ಮನೆಮನೆಯ ಅನುಭವವಾಗಿದೆ.

ಅಂಗಡಿಯ ಹಲಗೆಗಳ ಮೇಲೆ ಏನಿದೆ ಎಂಬುದನ್ನು ಒಮ್ಮೆ ಸಮಾಧಾನದಿಂದ ನೋಡಬೇಕು. ಹೆಣ್ಣುಮಕ್ಕಳ ಕಡೆ ನೈಲಾನ್ ಜಾಲರಿಯನ್ನು ಪದರ ಪದರವಾಗಿ ಹೊಲಿದ ಫ್ರಾಕುಗಳು, ಭುಜದ ಭಾಗವನ್ನು ಕತ್ತರಿಸಿ ತೆರೆದ ಮೇಲಂಗಿಗಳು, ಹೊಟ್ಟೆಯ ಮೇಲೆಯೇ ಮುಗಿದುಹೋಗುವ ಟಾಪುಗಳು, ಕತ್ತಿಗೂ ಕಂಕುಳಿಗೂ ಚುಚ್ಚುವ ಚಮಕಿ. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಜೇಬೂ ಇರುವುದಿಲ್ಲ. ಹುಡುಗಿಗೆ ಇಟ್ಟುಕೊಳ್ಳಲು ಒಂದು ಕರವಸ್ತ್ರವೂ ಇರಲಾರದೆಂದು ಹೊಲಿಸಿದವರು ನಿರ್ಧರಿಸಿದಂತಿದೆ. ಗಂಡುಮಕ್ಕಳ ಕಡೆ ತಲೆಬುರುಡೆ, ಬಂದೂಕು, ಹಲ್ಲು ಕಿರಿದ ಮೃಗಗಳ ಚಿತ್ರವಿರುವ ಟೀ ಷರಟುಗಳು. ಮನೆಯ ಹಿರಿಯರು ಅರ್ಥ ತಿಳಿದರೆ ಓದಲು ಸಂಕೋಚಪಡುವ ಇಂಗ್ಲಿಷ್ ವಾಕ್ಯಗಳು. ವೈಶಾಖದ ಬಿಸಿಲಿನ ಮದುವೆಗೆಂದು ಎರಡು ವರ್ಷದ ಕೂಸಿಗೂ ಕೋಟು, ಒಳಕೋಟು, ಕುತ್ತಿಗೆಗೆ ಬೋ. ಇವು ಮಕ್ಕಳ ಉಡುಪುಗಳೆನಿಸುವುದಿಲ್ಲ. ದೊಡ್ಡವರ ಉಡುಪನ್ನೇ ಅಳತೆಯಲ್ಲಿ ಕುಗ್ಗಿಸಿ, ಸೊಂಟ ಮೂಡದ ದೇಹಕ್ಕೆ ಸೊಂಟದ ಕತ್ತರಿಕೆಯನ್ನೂ ಶೃಂಗಾರವರಿಯದ ವಯಸ್ಸಿಗೆ ಶೃಂಗಾರದ ಮಾತನ್ನೂ ಅಂಟಿಸಿದ ಸರಕುಗಳು.

ಈ ದುಃಸ್ಥಿತಿಗೆ ಸಮಾಜದ ಹಿರಿಯರು ಸಾಮಾನ್ಯವಾಗಿ ಕೊಡುವ ಪರಿಹಾರವೊಂದಿದೆ: ಬಸದಿಯ ಬಾಗಿಲಲ್ಲಿ ಒಂದು ಫಲಕ ತೂಗುಹಾಕುವುದು, ಸಭೆಯಲ್ಲಿ ತಾಯಂದಿರನ್ನು ಆಕ್ಷೇಪಿಸುವುದು. ಫಲಕದ ಒಕ್ಕಣೆ ಬಹುಮಟ್ಟಿಗೆ ಹೆಣ್ಣುಮಕ್ಕಳನ್ನೇ ಕುರಿತದ್ದಾಗಿರುತ್ತದೆ. ಇದಕ್ಕಿಂತ ತಪ್ಪು ದಿಕ್ಕಿನ ಚಿಕಿತ್ಸೆ ಬೇರೊಂದಿಲ್ಲ. ಆರು ವರ್ಷದ ಬಾಲಿಕೆಯ ಭುಜ ಕಂಡುದರಿಂದ ಯಾವ ಮರ್ಯಾದೆಗೂ ಭಂಗ ಬರುವುದಿಲ್ಲ. ಆ ಭುಜವನ್ನು ಕುರಿತು ದೊಡ್ಡವರು ಗಟ್ಟಿಯಾಗಿ ಚರ್ಚಿಸುವುದರಿಂದ ಮಾತ್ರ ಆ ಮಗುವಿನ ಮನಸ್ಸಿಗೆ ತನ್ನ ದೇಹದ ಬಗ್ಗೆ ಕಾಲಕ್ಕೆ ಮುಂಚಿನ ಲಜ್ಜೆ ಅಂಟಿಕೊಳ್ಳುತ್ತದೆ. ಅದೇ ಬಾಗಿಲಿನಲ್ಲಿ ಎದೆಯ ಮೇಲೆ ಬಂದೂಕಿನ ಚಿತ್ರ ಹೊತ್ತ ಬಾಲಕ ತಡೆಯಿಲ್ಲದೆ ಒಳಗೆ ನಡೆಯುತ್ತಾನೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಮಂದಿರದ ಮೆಟ್ಟಿಲ ಮೇಲೆ ಭುಜವು ದೋಷವಾಗಿ ಕಂಡು, ಬಂದೂಕು ಕಣ್ಣಿಗೇ ಬೀಳದಿದ್ದರೆ ಪರೀಕ್ಷೆಗೆ ಒಳಗಾಗಬೇಕಾದುದು ನೋಡುವವರ ದೃಷ್ಟಿಯೇ ಹೊರತು ಮಗುವಿನ ಉಡುಪಲ್ಲ.

ಇನ್ನೊಂದು ಉತ್ತರ ವರ್ತಕರದು: ‘ಗಿರಾಕಿ ಕೇಳುತ್ತಾನೆ, ಅಂಗಡಿ ಕೊಡುತ್ತದೆ.’ ಕೇಳಲು ಇದು ನ್ಯಾಯವಾದ ಮಾತಿನಂತಿದೆ. ಆದರೆ ಜವಳಿ ವ್ಯಾಪಾರದ ಒಳಗನ್ನು ಬಲ್ಲವರು ಇದನ್ನು ಒಪ್ಪಲಾರರು. ದೀಪಾವಳಿಗೆ ಅಂಗಡಿಯಲ್ಲಿ ಏನಿರಬೇಕೆಂಬುದು ಗಿರಾಕಿ ಒಳಗೆ ಕಾಲಿಡುವುದಕ್ಕೆ ತಿಂಗಳುಗಳ ಮೊದಲೇ ತೀರ್ಮಾನವಾಗಿರುತ್ತದೆ. ತಯಾರಕರ ಏಜೆಂಟರು ಮಾದರಿಗಳನ್ನು ತಂದು ಹರಡುತ್ತಾರೆ. ಚಿಲ್ಲರೆ ವರ್ತಕರು ಆರಿಸುತ್ತಾರೆ. ಹದಿನಾರು, ಹದಿನೆಂಟು, ಇಪ್ಪತ್ತು ಎಂಬ ನಂಬರುಗಳ ಸೆಟ್ಟನ್ನು ಇಡಿಯಾಗಿ ಎತ್ತುವುದರಿಂದ ಹದಿಮೂರರ ಹುಡುಗಿಗೆ ರೂಪಿಸಿದ ಕತ್ತರಿಕೆಯೇ ಮೂರರ ಕೂಸಿನ ಅಳತೆಗೂ ಇಳಿದುಬರುತ್ತದೆ. ಹೀಗೆ ತುಂಬಿದ ಹಲಗೆಯ ಮುಂದೆ ನಿಂತು ಗಿರಾಕಿ ಬೆರಳು ತೋರಿಸುತ್ತಾನೆ. ಆ ಬೆರಳನ್ನೇ ‘ಬೇಡಿಕೆ’ ಎಂದು ಕರೆಯಲಾಗುತ್ತದೆ. ಇಲ್ಲದುದನ್ನು ಯಾರೂ ಬೆರಳಿಟ್ಟು ತೋರಿಸಲಾರರು.

ಸರಳ ಹತ್ತಿ ಬಟ್ಟೆಯನ್ನು ಅಂಗಡಿ ಏಕೆ ಒಲ್ಲದು ಎಂಬುದಕ್ಕೂ ಕಾರಣವಿದೆ. ಒಂದು ಸಾದಾ ಅಂಗಿಯ ಬೆಲೆ ಎಲ್ಲ ತಾಯಂದಿರಿಗೂ ಗೊತ್ತು. ಪಕ್ಕದ ಅಂಗಡಿಯೊಡನೆ ಹೋಲಿಸಿ ಚೌಕಾಸಿ ಮಾಡುತ್ತಾರೆ. ಜಾಲರಿ, ಚಮಕಿ, ಅಂಟಿಸಿದ ಹೂವುಗಳ ಫ್ರಾಕಿಗೆ ಹೋಲಿಸಲು ಇನ್ನೊಂದಿಲ್ಲ. ಅಲ್ಲಿ ಕೇಳಿದ್ದೇ ಬೆಲೆ. ಲಾಭದ ಅಂಚು ಅಗಲವಾಗಿರುವ ಕಡೆಗೆ ಸರಕು ಹರಿಯುತ್ತದೆ. ತೆರಿಗೆಯ ನೆಪವೂ ಇಲ್ಲಿ ನಿಲ್ಲದು: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇಕಡಾ 5 ಮಾತ್ರ, ಮಗುವಿನ ಸಾದಾ ಉಡುಪು ಆ ಮಿತಿಯನ್ನು ದಾಟುವ ಪ್ರಶ್ನೆಯೇ ಇಲ್ಲ. ಲಾಭ ಮಾಡುವುದು ವರ್ತಕನಿಗೆ ದೋಷವಲ್ಲ. ತಾನು ಆರಿಸಿದುದನ್ನು ಗಿರಾಕಿಯೇ ಆರಿಸಿದನೆಂದು ಹೇಳುವುದು ದೋಷ.

ಇದು ಕೇವಲ ಅಭಿರುಚಿಯ ಜಗಳವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮಗುವಿನ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಗಳೂ ಇಲ್ಲಿವೆ. ಕತ್ತಿನ ಬಳಿ, ತಲೆಮುಸುಕಿನ ಸುತ್ತ ಜೋತಾಡುವ ಕಟ್ಟುದಾರಗಳು ಜಾರುಬಂಡೆಗೋ ವಾಹನದ ಬಾಗಿಲಿಗೋ ಸಿಕ್ಕಿ ಮಕ್ಕಳ ಉಸಿರು ಕಟ್ಟಿದ ಪ್ರಸಂಗಗಳಿಂದಾಗಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1996ರಲ್ಲಿ ಅವುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು; 2011ರಲ್ಲಿ ಅಂಥ ದಾರವಿರುವ ಮಕ್ಕಳ ಹೊರ ಉಡುಪನ್ನು ಅಪಾಯಕಾರಿ ಸರಕೆಂದೇ ನಿಯಮದಲ್ಲಿ ಸೇರಿಸಿತು. ಯುರೋಪಿನ ಇಎನ್ 14682 ಎಂಬ ಮಾನಕವು ಏಳು ವರ್ಷದೊಳಗಿನ ಮಕ್ಕಳ ಉಡುಪಿನಲ್ಲಿ ಕತ್ತು ಮತ್ತು ತಲೆಮುಸುಕಿನ ಭಾಗಕ್ಕೆ ಕಟ್ಟುದಾರವನ್ನು ನಿಷೇಧಿಸುತ್ತದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳು ಆ ದೇಶಗಳಿಗೆ ಉಡುಪು ಕಳುಹಿಸುವಾಗ ಈ ನಿಯಮಗಳನ್ನು ಪಾಲಿಸಲೇಬೇಕು. ಅದೇ ನಗರದ ಅಂಗಡಿಗಳಲ್ಲಿ ಕತ್ತಿಗೆ ದಾರ ಕಟ್ಟುವ, ದಾರದ ತುದಿಗೆ ಗೊಂಡೆ ತೂಗುವ ಉಡುಪು ಇಲ್ಲಿನ ಮಕ್ಕಳಿಗಾಗಿ ನಿರಾತಂಕವಾಗಿ ಮಾರಾಟವಾಗುತ್ತದೆ. ಹೊರದೇಶದ ಮಗುವಿನ ಕುತ್ತಿಗೆಗೆ ಇರುವ ಬೆಲೆ ಮನೆಯ ಮಗುವಿನ ಕುತ್ತಿಗೆಗೆ ಇಲ್ಲವೇ?

ಬೆಂಕಿಯ ಭಯವೂ ಹಾಗೆಯೇ. ಹತ್ತಿಯೂ ಉರಿಯುತ್ತದೆ, ನಿಜ. ಆದರೆ ನೈಲಾನ್, ಪಾಲಿಯೆಸ್ಟರುಗಳು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಂಡು ಗಾಯವನ್ನು ಆಳವಾಗಿಸುತ್ತವೆ. ಮಹಾವೀರ ನಿರ್ವಾಣದ ದಿನ ದೀಪಗಳ ಸಾಲಿನ ನಡುವೆ ಓಡಾಡುವ ಹುಡುಗಿಗೆ ನೆಲ ಗುಡಿಸುವ ಜಾಲರಿಯ ಫ್ರಾಕು ತೊಡಿಸುವುದು ಎಷ್ಟು ಅವಿವೇಕವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಅಪವ್ಯಯ. ದರ್ಜಿಯಿಂದ ಹೊಲಿಸುತ್ತಿದ್ದ ಕಾಲದಲ್ಲಿ ಹುಡುಗಿಯ ಲಂಗದ ಅಂಚಿಗೆ ಮೂರು ಬೆರಳಿನ ಒಳಮಡಿಕೆ ಬಿಡಿಸಲಾಗುತ್ತಿತ್ತು. ವರ್ಷವರ್ಷ ಒಂದೊಂದು ಹೊಲಿಗೆ ಬಿಚ್ಚಿದಂತೆ ಲಂಗವೂ ಹುಡುಗಿಯೊಡನೆ ಬೆಳೆಯುತ್ತಿತ್ತು. ಅಕ್ಕನದು ತಂಗಿಗೆ, ಅಣ್ಣನದು ತಮ್ಮನಿಗೆ ದಾಟುತ್ತಿತ್ತು. ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಪರಕಾರ, ಕುಂಚಿಗೆಗಳು ಒಂದಲ್ಲ ಮೂರು ಮಕ್ಕಳ ಬಾಲ್ಯವನ್ನು ಕಂಡಿರುತ್ತಿದ್ದವು. ಇಂದಿನ ಫ್ರಾಕಿನಲ್ಲಿ ಬಿಚ್ಚಲು ಮಡಿಕೆಯಿಲ್ಲ. ಒಂದು ಹುಟ್ಟುಹಬ್ಬ, ಒಂದು ಛಾಯಾಚಿತ್ರ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಆಹಾರದಂತೆ ಒಮ್ಮೆ ಅನುಭವಿಸಿ ಬಿಡುವುದನ್ನು ಭೋಗವೆಂದೂ ವಸ್ತ್ರದಂತೆ ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ಬೇರ್ಪಡಿಸಿ, ಎರಡಕ್ಕೂ ಗೃಹಸ್ಥನು ಮಿತಿ ಹಾಕಿಕೊಳ್ಳಬೇಕೆಂದು ವಿಧಿಸುತ್ತದೆ. ಒಮ್ಮೆ ತೊಟ್ಟು ಮೂಲೆಗೆಸೆಯುವ ಉಡುಪು ಉಪಭೋಗದ ವಸ್ತುವನ್ನು ಭೋಗದ ವಸ್ತುವನ್ನಾಗಿ ಮಾಡಿಬಿಟ್ಟಿದೆ. ಭೋಗೋಪಭೋಗ ಪರಿಮಾಣ ವ್ರತದ ಪಾಠ ಹೇಳಿಸಿಕೊಳ್ಳುವ ಮಗುವೇ ಆ ವ್ರತದ ಭಂಗವನ್ನು ಮೈಮೇಲೆ ಹೊತ್ತು ಪಾಠಶಾಲೆಗೆ ಬರುತ್ತದೆ.

ಹಾಗೆಂದು ಹಿಂದಿನದೆಲ್ಲ ಒಳ್ಳೆಯದೆಂಬ ಭ್ರಮೆ ಬೇಡ. ಹಬ್ಬದ ದಿನ ಪುಟ್ಟ ಹುಡುಗಿಗೆ ಭಾರವಾದ ರೇಷ್ಮೆಯ ಲಂಗ ಉಡಿಸಿ, ‘ಓಡಬೇಡ, ಕೊಳೆಯಾದೀತು’ ಎಂದು ದಿನವಿಡೀ ಮೂಲೆಯಲ್ಲಿ ಕೂರಿಸಿದ್ದೂ ಹಿರಿಯರೇ. ಗೂಡಿನೊಳಗಿನ ಹುಳುವನ್ನು ಶಾಖದಲ್ಲಿ ಕೊಂದು ನೂಲು ಬಿಚ್ಚುವ ಆ ಬಟ್ಟೆಯನ್ನು ಮಂಗಳಕರವೆಂದು ಮಗುವಿಗೆ ಉಡಿಸಿದವರು ಅದರ ಅಹಿಂಸೆಯ ಪ್ರಶ್ನೆಯನ್ನು ಎತ್ತಲಿಲ್ಲ. ಹಳೆಯದು, ಹೊಸದು ಎಂಬುದು ಇಲ್ಲಿ ಒರೆಗಲ್ಲಲ್ಲ. ಉಡುಪು ಮಗುವಿಗಾಗಿ ಇದೆಯೇ, ಅಥವಾ ಮಗು ಉಡುಪಿಗಾಗಿ ಇದೆಯೇ ಎಂಬುದೊಂದೇ ಒರೆಗಲ್ಲು.

ಪೋಷಕರ ಪಾಲಿನ ಹೊಣೆಯನ್ನೂ ಮುಚ್ಚಿಡಲಾಗದು. ‘ಮಗು ಹಟ ಮಾಡುತ್ತದೆ’ ಎನ್ನುವವರು ಆ ಹಟ ಎಲ್ಲಿಂದ ಬಂತೆಂದು ಯೋಚಿಸಬೇಕು. ಮೂರು ವರ್ಷದ ಮಗುವಿಗೆ ಚಮಕಿಯ ಹಂಬಲವಿರುವುದಕ್ಕಿಂತ, ಮೊಬೈಲಿನಲ್ಲಿ ಚಿತ್ರ ಹಾಕಿ ಹತ್ತು ಜನರ ಮೆಚ್ಚುಗೆ ಪಡೆಯುವ ಹಂಬಲ ಮನೆಯ ದೊಡ್ಡವರಿಗಿರುತ್ತದೆ. ಅಂಗಡಿಯ ಸರಕನ್ನು ಬೈಯುತ್ತಲೇ ಕೊಂಡು ತಂದವರ ಬೈಗುಳಕ್ಕೆ ವರ್ತಕನು ಏಕೆ ಕಿವಿಗೊಡಬೇಕು? ಮಾರಾಟವಾದ ಫ್ರಾಕು ಅವನ ಲೆಕ್ಕದಲ್ಲಿ ಮೆಚ್ಚಿಕೆಯಾದ ಫ್ರಾಕು. ಬೇಡವೆಂದು ಮೌನವಾಗಿ ಹೊರಟುಹೋದ ಗಿರಾಕಿಯ ಅಸಮಾಧಾನವೂ ಯಾವ ಖಾತೆಯಲ್ಲೂ ಜಮೆಯಾಗುವುದಿಲ್ಲ.

ಬಾಯಿಬಿಟ್ಟು ಹೇಳಿದರೆ ಫಲವಿದೆ ಎಂಬುದಕ್ಕೆ ಬೇರೆ ದೇಶಗಳ ನಿದರ್ಶನಗಳಿವೆ. ಅಮೆರಿಕದಲ್ಲಿ 2011ರ ಆಗಸ್ಟ್ ತಿಂಗಳಲ್ಲಿ ಜೆ. ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಯು ಹುಡುಗಿಯರಿಗೆಂದು ಒಂದು ಅಂಗಿ ಮಾರಾಟಕ್ಕಿಟ್ಟಿತು. ತಾನು ಬಹಳ ಚೆಲುವೆಯಾದುದರಿಂದ ತನ್ನ ಮನೆಪಾಠವನ್ನು ಅಣ್ಣನೋ ತಮ್ಮನೋ ಮಾಡಬೇಕೆಂಬುದು ಅದರ ಮೇಲಿನ ವಾಕ್ಯದ ತಾತ್ಪರ್ಯ. ಪೋಷಕರು ಪ್ರತಿಭಟಿಸಿದೊಡನೆ ಮಳಿಗೆಯು ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೋರಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಸರ್ಕಾರದ ಕೋರಿಕೆಯ ಮೇರೆಗೆ ರೆಗ್ ಬೈಲಿ ಎಂಬವರು ಬಾಲ್ಯದ ವ್ಯಾಪಾರೀಕರಣವನ್ನು ಕುರಿತು ವರದಿ ಸಲ್ಲಿಸಿದರು. ಆಗ ಅಲ್ಲಿನ ಚಿಲ್ಲರೆ ವರ್ತಕರ ಒಕ್ಕೂಟವೇ ಮಕ್ಕಳ ಉಡುಪಿನ ಕತ್ತರಿಕೆ, ಅದರ ಮೇಲಿನ ಬರಹ ಮೊದಲಾದವು ವಯಸ್ಸಿಗೆ ತಕ್ಕಂತಿರಬೇಕೆಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಪೊಲೀಸರ ಭಯದಿಂದ ಅಲ್ಲ, ವರ್ತಕರೇ ತಮಗೆ ತಾವು ಹಾಕಿಕೊಂಡ ಮಿತಿ ಅದು. ಮಿತಿ ಹಾಕಿಕೊಳ್ಳುವುದನ್ನು ವ್ರತವೆಂದು ಕರೆಯುವ ಸಮಾಜಕ್ಕೆ ಇದು ಅಸಾಧ್ಯವಾಗಬಾರದು.

ಜವಳಿ ವ್ಯಾಪಾರದಲ್ಲಿ ಜೈನ ಕುಟುಂಬಗಳು ಎಷ್ಟು ದಟ್ಟವಾಗಿವೆ ಎಂಬುದು ಪೇಟೆಯ ಬೀದಿಗಳಲ್ಲಿ ನಡೆದವರಿಗೆಲ್ಲ ಗೊತ್ತು. ಬಸದಿಯ ಸಭೆಯಲ್ಲಿ ಮಕ್ಕಳ ವೇಷ ಕಂಡು ನಿಟ್ಟುಸಿರಿಡುವವರಲ್ಲಿ ಕೆಲವರು ಮರುದಿನ ಬೆಳಿಗ್ಗೆ ಅದೇ ವೇಷಕ್ಕೆ ಆರ್ಡರು ಬರೆಯುತ್ತಾರೆ. ಆದುದರಿಂದ ಸುಧಾರಣೆ ಆರಂಭವಾಗಬೇಕಾದುದು ಫಲಕದಲ್ಲಲ್ಲ, ಆರ್ಡರು ಪುಸ್ತಕದಲ್ಲಿ. ಪ್ರತಿಯೊಂದು ಅಂಗಡಿಯೂ ಎಲ್ಲ ನಂಬರುಗಳಲ್ಲಿ ಸಾದಾ ಹತ್ತಿಯ, ಜೇಬುಳ್ಳ, ಒಳಮಡಿಕೆಯುಳ್ಳ ಉಡುಪಿಗೆ ಒಂದು ಹಲಗೆಯನ್ನಾದರೂ ಮೀಸಲಿಡಲಿ, ಅದನ್ನು ಮೂಲೆಯಲ್ಲಲ್ಲದೆ ಕಣ್ಣಿಗೆ ಬೀಳುವಲ್ಲಿ ಇಡಲಿ. ಕತ್ತಿಗೆ ದಾರವಿರುವ ಮಾದರಿಯನ್ನು ಏಜೆಂಟನಿಗೆ ಹಿಂದಿರುಗಿಸಲಿ. ಅಜ್ಜಿಗೆ ಕನ್ನಡದಲ್ಲಿ ಅರ್ಥ ಹೇಳಲಾಗದ ವಾಕ್ಯವಿರುವ ಅಂಗಿಯನ್ನು ಮೊಮ್ಮಗನಿಗೆ ಮಾರದಿರಲಿ. ಬಟ್ಟೆಯ ನೂಲು ಯಾವುದೆಂದು ಕೇಳಿದವರಿಗೆ ನಿಜ ಹೇಳಲಿ.

ಟ್ರಸ್ಟುಗಳಿಗೂ ಕೆಲಸವಿದೆ. ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ಬಾಡಿಗೆಯ ಝಗಝಗಿಸುವ ವೇಷ ತೊಡಿಸಿ ಸಿನಿಮಾ ಹಾಡಿಗೆ ಮಕ್ಕಳನ್ನು ಕುಣಿಸುವ ವೇದಿಕೆ ಯಾವುದೇ ಅಂಗಡಿಯ ಜಾಹೀರಾತಿಗಿಂತ ಪ್ರಬಲವಾದುದು. ಮೊದಲು ಅದು ನಿಲ್ಲಲಿ. ಬಹುಮಾನವಾಗಿ ತಟ್ಟೆ ಲೋಟಗಳ ಬದಲು ಒಳ್ಳೆಯ ಹತ್ತಿ ಬಟ್ಟೆ ಕೊಡಲಿ. ಬಾಗಿಲಿನ ಫಲಕ ಮಕ್ಕಳನ್ನು ಕುರಿತದ್ದಾದರೆ ಅದನ್ನು ಇಳಿಸಲಿ. ಪೋಷಕರು ಬೇಡವಾದುದನ್ನು ಕೊಳ್ಳದೆ ಹೊರಬರುವುದಷ್ಟೇ ಸಾಲದು. ಗಲ್ಲೆಯ ಮೇಲೆ ಕುಳಿತ ಯಜಮಾನರ ಬಳಿಗೆ ಹೋಗಿ, ಏನು ಬೇಕಾಗಿತ್ತು, ಏಕೆ ಕೊಳ್ಳಲಿಲ್ಲ ಎಂಬುದನ್ನು ಹೇಳಿ ಬರಬೇಕು. ಹತ್ತು ಮಂದಿ ಹೀಗೆ ಹೇಳಿದ ಅಂಗಡಿ ಮುಂದಿನ ಹಬ್ಬಕ್ಕೆ ಹಿಂದಿನ ಸರಕನ್ನೇ ತರಿಸುವ ಧೈರ್ಯ ಮಾಡಲಾರದು.

ಬಾಲ್ಯ ಹತ್ತು ಹನ್ನೆರಡು ವರ್ಷಗಳ ಸೊತ್ತು. ಒಮ್ಮೆ ಕಳೆದರೆ ಯಾವ ಬೆಲೆಗೂ ಮರಳಿ ದೊರೆಯದು. ಅದನ್ನು ನಾಚಿಕೆಯಿಲ್ಲದೆ, ನೋವಿಲ್ಲದೆ, ಅಪಾಯವಿಲ್ಲದೆ ಓಡಿಯಾಡಿ ಕಳೆಯಲು ಮಗುವಿಗೆ ಬೇಕಾದುದು ನಾಲ್ಕು ಮೊಳ ಮೆತ್ತನೆಯ ಬಟ್ಟೆ. ಅಷ್ಟನ್ನು ಒದಗಿಸಲಾರದ ವ್ಯಾಪಾರ, ಎಷ್ಟೇ ಲಾಭ ತೋರಿಸಿದರೂ, ನಷ್ಟದ ವ್ಯಾಪಾರವೇ ಸರಿ.