ಮುದಿ ಯಂತ್ರದ ಜ್ಞಾಪಕಶಕ್ತಿ

“ಕಂಪ್ಯೂಟರಿಗೆ ವಯಸ್ಸಾಯಿತು ಸಾರ್, ಹೊಸದು ಕೊಳ್ಳಿ” ಎಂದು ಅಂಗಡಿಯವರು ಹೇಳಿದಾಗ ಮನಸ್ಸಿಗೆ ಕೊಂಚ ಚುಚ್ಚಿತು (ವಯಸ್ಸು ನನಗೂ ಆಗಿದೆಯಲ್ಲ!). ಆಗಾಗ ನೀಲಿ ಪರದೆ ಬಂದು ಯಂತ್ರ ನಿಲ್ಲುತ್ತಿದ್ದುದು ನಿಜ. ಸ್ಕ್ಯಾನ್ ಮಾಡಿಟ್ಟ ಶಾಲೆಯ ಹಳೆಯ ಚಿತ್ರಗಳೂ ಅರ್ಧಕ್ಕೇ ಬಣ್ಣಗೆಟ್ಟು ತೆರೆಯುತ್ತಿದ್ದವು. ಆದರೂ ಪರೀಕ್ಷೆಯಿಲ್ಲದೆ ಫಲಿತಾಂಶ ಪ್ರಕಟಿಸುವುದನ್ನು ನಾನು ಒಪ್ಪಲಾರೆ.

ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಚಾಲನೆಗೊಳಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳು! ಯಂತ್ರದಲ್ಲಿದ್ದ ಎರಡು ರ‍್ಯಾಮ್‌ಗಳನ್ನು ಒಂದೇ ಸ್ಲಾಟಿನಲ್ಲಿ ಒಂದಾದ ಮೇಲೊಂದರಂತೆ ಇಟ್ಟು ಪರೀಕ್ಷಿಸಿದೆ. ಒಂದರಲ್ಲಿ ದೋಷವಿರಲಿಲ್ಲ, ಇನ್ನೊಂದರ ತುದಿಯನ್ನು ರಬ್ಬರಿನಿಂದ ಉಜ್ಜಿದರೂ ತಪ್ಪುಗಳು ನಿಲ್ಲಲಿಲ್ಲ. 35 ಅಂಕಕ್ಕೆ ತೇರ್ಗಡೆ ಮಾಡಿದ ಕೈ ನನ್ನದು; ಇಲ್ಲಿ ಮಾತ್ರ ಒಂದೇ ತಪ್ಪಿದ್ದರೂ ಅನುತ್ತೀರ್ಣವೇ. ಕೆಟ್ಟ ರ‍್ಯಾಮ್, ನಾವು ಉಳಿಸುವ ಕಡತದೊಳಕ್ಕೂ ಸದ್ದಿಲ್ಲದೆ ತಪ್ಪನ್ನು ಸೇರಿಸಿಬಿಡುತ್ತದೆ.

ಹೊಸದನ್ನು ಕೊಳ್ಳುವಾಗ ವೇಗದ ಅಂಕಿಗೆ ಮರುಳಾಗಬೇಡಿ. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹಿಡಿಸದು, ಕಚ್ಚಿನ ಜಾಗವೇ ಬೇರೆ. ಮದರ್‌ಬೋರ್ಡಿನ ಕೈಪಿಡಿಗೆ ಒಪ್ಪುವಂಥದನ್ನು, ದೀರ್ಘ ವಾರಂಟಿಯುಳ್ಳದ್ದನ್ನು, ರಶೀದಿಸಮೇತ ಕೊಳ್ಳಿರಿ. ತಂದ ದಿನವೇ ಅದನ್ನೂ ಒಂದು ರಾತ್ರಿ ಪರೀಕ್ಷಿಸಿ. ನಾನು ಹಾಗೆಯೇ ಮಾಡಿದೆ. ಮುದಿ ಯಂತ್ರ ಈಗ ನೆಟ್ಟಗಿದೆ. ಈ ಬರಹವೂ ಅದರದೇ.

ಕೆಟ್ಟ ಚಿತ್ರಗಳಲ್ಲಿ 11ನ್ನು ಮೂಲಪ್ರತಿಗಳಿಂದ ಮತ್ತೆ ಸ್ಕ್ಯಾನ್ ಮಾಡಿದ್ದೇನೆ. 1994ರ ಹತ್ತನೆಯ ತರಗತಿಯ ಗುಂಪುಚಿತ್ರದ ಮೂಲ ಮಾತ್ರ ನನ್ನಲ್ಲಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕಳುಹಿಸಿಕೊಡಿ.