ಬಾವುಟಕ್ಕೆ ಬೆಳಕು ಕಟ್ಟುವ ಹುಡುಗರೇ, ಈ ಗಡಿ ದಾಟಬೇಡಿ!

ಕಳೆದ ರಾಜ್ಯೋತ್ಸವದ ಹಿಂದಿನ ರಾತ್ರಿ ನಮ್ಮ ಬೀದಿಯ ವೇದಿಕೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಭುವನೇಶ್ವರಿಯ ಪಟದ ಸುತ್ತ ಹುಡುಗರು ಕೆಂಪು, ಹಳದಿ ಎಲ್‌ಇಡಿ ಪಟ್ಟಿ ಅಂಟಿಸಿದ್ದರು. ಐದೈದು ಮೀಟರಿನ ಮೂರು ಸುರುಳಿ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಒಟ್ಟು 15 ಮೀಟರ್. ಅಷ್ಟಕ್ಕೂ ಕರೆಂಟ್ ಕೊಡಲು ಯಾರದೋ ಮನೆಯ ಹಳೇ ಅಡಾಪ್ಟರ್ ಒಂದೇ ಒಂದು. 12 ವೋಲ್ಟ್, 2 ಆಂಪಿಯರ್. ಅದನ್ನೂ ಥರ್ಮಾಕೋಲ್ ಕಮಾನಿನ ಹಿಂದೆ, ಬಾವುಟದ ಬಟ್ಟೆಯ ಅಡಿಯಲ್ಲಿ ತುರುಕಿದ್ದರು. ಪುಣ್ಯಕ್ಕೆ ಒಬ್ಬ ಓಡಿಹೋಗಿ ಪ್ಲಗ್ ಕಿತ್ತ. ಥರ್ಮಾಕೋಲಿನಲ್ಲಿ ಮುಷ್ಟಿ ಗಾತ್ರದ ತೂತಾಗಿ ಕಥೆ ಮುಗಿಯಿತು. ಬೆಳಿಗ್ಗೆ ಅದೇ ವೇದಿಕೆಯ ಮೇಲೆ ಶಾಲೆಯ ಮಕ್ಕಳು ಹಾಡಬೇಕಿತ್ತು!

ಪಟ್ಟಿ ಅಂಟಿಸಿದವನು ದಡ್ಡನೇನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು, ಮೊಬೈಲನ್ನು ಬಿಚ್ಚಿ ಮತ್ತೆ ಜೋಡಿಸುವ ಕೈ ಅವನದು. 'ಡಬ್ಬಿ ಓದಲಿಲ್ಲವೇನೋ?' ಎಂದೆ. ತಂದು ತೋರಿಸಿದ. ಒಂದು ಮಗ್ಗುಲಲ್ಲಿ ಚೀನೀ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್. ಐದು ಮೀಟರಿಗಿಂತ ಉದ್ದ ಸೇರಿಸಬೇಡಿ, ಮುಚ್ಚಿಡಬೇಡಿ ಎಂಬ ಮಾತೆಲ್ಲ ಅಲ್ಲಿತ್ತು. ಅವನ ಪಾಲಿಗೆ ಇರಲಿಲ್ಲ. ಓದಲಾಗದ ಎಚ್ಚರಿಕೆಯನ್ನು ಎಚ್ಚರಿಕೆ ಎನ್ನುವುದು ಹೇಗೆ ಸ್ವಾಮಿ?

ನಾನು ಎಲೆಕ್ಟ್ರಿಷಿಯನ್ ಅಲ್ಲ. ನಿಮ್ಮಲ್ಲಿ ಬಹಳ ಮಂದಿ ಅಲ್ಲ. ಆದರೂ ಈ ಪಟ್ಟಿಯನ್ನು ನಾವೇ ಹಾಕಿಕೊಳ್ಳಬಹುದು. ಆ ಡಬ್ಬಿ ನಮ್ಮ ಮಾತಿನಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇನೆ, ಕೇಳಿ.

ಅಡಾಪ್ಟರೇ ಗಡಿ

ಗಡಿ ಎಂದರೆ ನಮಗೆ ಬೆಳಗಾವಿ, ಕಾಸರಗೋಡು ನೆನಪಾಗುತ್ತದೆ. ಈ ಕೆಲಸದಲ್ಲೂ ಒಂದು ಗಡಿಯಿದೆ. ಅದೇ ಅಡಾಪ್ಟರ್. ಅದರ ಆಚೆ ಗೋಡೆಯ 230 ವೋಲ್ಟ್, ಈಚೆ 12 ಅಥವಾ 24 ವೋಲ್ಟ್. ಈಚೆಯದು ನಮ್ಮ ಸೀಮೆ. ಆಚೆಯದು ಜೀವ ತೆಗೆಯುವ ಸೀಮೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ರೇಟನ್ನಲ್ಲ, ಇದು ಎಷ್ಟು ವೋಲ್ಟಿನ ಪಟ್ಟಿ ಎಂದು. ಪ್ಲಾಸ್ಟಿಕ್ ಹೊದಿಕೆಯ, ಉದ್ದಕ್ಕೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಇನ್ನೊಂದು ಪಟ್ಟಿಯಿದೆ. ಅದು ನೇರವಾಗಿ 230 ವೋಲ್ಟಿಗೆ ಹಾಕುವಂಥದ್ದು. ನೋಡಲು ಅಣ್ಣತಮ್ಮಂದಿರ ಹಾಗೆ, ಗುಣದಲ್ಲಿ ಅಜಗಜಾಂತರ. ಅದರ ಕತ್ತರಿಸಿದ ತುದಿಯನ್ನು ಮುಟ್ಟಿದರೆ ಗೋಡೆಯ ಕರೆಂಟನ್ನೇ ಮುಟ್ಟಿದಂತೆ. ಮಳೆಯಲ್ಲಿ ಕಬ್ಬಿಣದ ಕಂಬಿಗೆ ಅದನ್ನು ಸುತ್ತಿ ನಿಲ್ಲಿಸಿದ ಕಮಾನು ಕಂಡರೆ ದೂರ ನಿಲ್ಲಿ.

12 ವೋಲ್ಟಿನ ಪಟ್ಟಿಯನ್ನು ಒಣಗಿದ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹಾಗೆಂದು ಮೈಮರೆಯಬೇಡಿ. ಕಾರಿನ ಬ್ಯಾಟರಿಯೂ 12 ವೋಲ್ಟೇ. ಅದರ ಎರಡು ತುದಿಗೂ ಸ್ಪ್ಯಾನರ್ ತಾಗಿದರೆ ಏನಾಗುತ್ತದೆಂದು ಯಾವ ಗ್ಯಾರೇಜಿನ ಹುಡುಗನನ್ನಾದರೂ ಕೇಳಿ. ಇಲ್ಲಿ ಶಾಕಿಗಿಂತ ಬೆಂಕಿಗೆ ಹೆದರಬೇಕು.

ಕರುವಿಗೆ ಎತ್ತಿನ ಹೊರೆ

ಲೆಕ್ಕ ಸುಲಭ, ಎಂಟನೇ ಕ್ಲಾಸಿನ ಗುಣಾಕಾರ. '5050' ಎಂಬ ಗುರುತಿನ, ಮೀಟರಿಗೆ 60 ದೀಪವಿರುವ ಪಟ್ಟಿ ಸಾಮಾನ್ಯವಾಗಿ ಮೀಟರಿಗೆ 14.4 ವ್ಯಾಟ್ ತಿನ್ನುತ್ತದೆ. ಐದು ಮೀಟರಿಗೆ 72 ವ್ಯಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿ, 6 ಆಂಪಿಯರ್. ಅಡಾಪ್ಟರಿಗೆ ಕಾಲು ಭಾಗದಷ್ಟಾದರೂ ಉಸಿರಾಡಲು ಜಾಗ ಬೇಕು. ಹಾಗಾಗಿ ಒಂದು ಸುರುಳಿಗೆ 12 ವೋಲ್ಟ್, 8 ಆಂಪಿಯರಿನದು ಸರಿ. ನಮ್ಮ ಹುಡುಗರ 15 ಮೀಟರ್ ಕೇಳುತ್ತಿದ್ದದ್ದು 216 ವ್ಯಾಟ್. ಅವರು ಕೊಟ್ಟ ಅಡಾಪ್ಟರ್ 24 ವ್ಯಾಟಿನದು. ಒಂಬತ್ತು ಪಟ್ಟು! ಕರುವಿನ ಹೆಗಲಿಗೆ ಎತ್ತಿನ ಗಾಡಿ ಕಟ್ಟಿದರೆ ಕರು ಕುಸಿಯದೆ ಇನ್ನೇನಾಗುತ್ತದೆ? ನಿಮ್ಮ ಪಟ್ಟಿಯ ವ್ಯಾಟ್ ಬೇರೆ ಇರಬಹುದು. ಡಬ್ಬಿಯ ಮೇಲಿನ ಅಂಕಿ ನೋಡಿ ಇದೇ ಲೆಕ್ಕ ಹಾಕಿ. ಅಂಕಿಯೇ ಇಲ್ಲದ ಮಾಲು ಬೇಡ.

ಸುರುಳಿಗಳನ್ನು ರೈಲು ಬೋಗಿಯಂತೆ ಒಂದರ ಹಿಂದೆ ಒಂದು ಕಟ್ಟಬೇಡಿ. ಎಲ್ಲ ಸುರುಳಿಯ ಕರೆಂಟೂ ಮೊದಲ ಪಟ್ಟಿಯ ತೆಳು ತಾಮ್ರದ ಮೇಲೇ ಹರಿದು ಅದು ಬಿಸಿಯಾಗುತ್ತದೆ, ಕೊನೆಯ ದೀಪ ಮಂಕಾಗುತ್ತದೆ. ಪ್ರತಿ ಐದು ಮೀಟರಿಗೂ ಅಡಾಪ್ಟರಿನಿಂದ ಬೇರೆ ವೈರ್ ಎಳೆಯಿರಿ, ಇಲ್ಲವೇ ಒಂದೊಂದಕ್ಕೆ ಒಂದೊಂದು ಅಡಾಪ್ಟರ್ ಕೊಡಿ. ಆ ವೈರ್ ಟೆಲಿಫೋನ್ ತಂತಿಯಂತೆ ಸಣಕಲಾಗಿರಬಾರದು. ಒಂದು ಸುರುಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿ.

ಪಟ್ಟಿ ಕತ್ತರಿಸುವಾಗ ಕತ್ತರಿಯ ಗುರುತಿರುವಲ್ಲೇ ಕತ್ತರಿಸಿ. 12 ವೋಲ್ಟಿನದರಲ್ಲಿ ಆ ಗುರುತು ಸಾಮಾನ್ಯವಾಗಿ ಮೂರು ದೀಪಕ್ಕೊಮ್ಮೆ, 24 ವೋಲ್ಟಿನದರಲ್ಲಿ ಆರಕ್ಕೊಮ್ಮೆ ಬರುತ್ತದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ವೈರನ್ನು ಕೈಯಲ್ಲಿ ತಿರುಚಿ ಟೇಪು ಸುತ್ತಿ ಬಿಡಬೇಡಿ. ಕನೆಕ್ಟರ್ ಹಾಕಿ ಅಥವಾ ಬೆಸುಗೆ ಹಾಕಿಸಿ. ಜೋಡಿಸುವಾಗ ಪ್ಲಗ್ ಗೋಡೆಯಿಂದ ಹೊರಗಿರಲಿ. ಸುರುಳಿ ಬಿಚ್ಚದೆ ಗಂಟೆಗಟ್ಟಲೆ ಉರಿಸಬೇಡಿ, ಒಳಗೇ ಕಾದು ಕರಗುತ್ತದೆ. ಪಟ್ಟಿಯನ್ನು ಥರ್ಮಾಕೋಲಿಗೆ ನೇರ ಅಂಟಿಸುವ ಬದಲು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಂಟಿಸಿ. ಅಡಾಪ್ಟರ್ ಗಾಳಿಯಾಡುವಲ್ಲಿ, ಕೈಗೆ ಸಿಗುವಲ್ಲಿ ಇರಲಿ. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಉರಿಸಿ, ಅದರ ಹೊದಿಕೆಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ ಪ್ಲಗ್ ಕೀಳಿ.

ನವೆಂಬರಿನಲ್ಲಿ ನಮ್ಮೂರಿನ ಮಳೆಯನ್ನು ನಂಬುವಂತಿಲ್ಲ. ಐಪಿ 20 ಎಂದು ಬರೆದ ಪಟ್ಟಿ ಮನೆಯೊಳಗೆ ಮಾತ್ರ. ಹೊರಗೆ ಐಪಿ 65 ಅಥವಾ 67 ಬೇಕು. ಅದನ್ನೂ ಕತ್ತರಿಸಿದರೆ ತುದಿ ಬಾಯಿ ತೆರೆಯುತ್ತದೆ, ಸಿಲಿಕೋನ್ ಹಚ್ಚಿ ಮುಚ್ಚಿ. ಪಟ್ಟಿ ನೆನೆದರೂ ಅಡಾಪ್ಟರ್ ನೆನೆಯಬಾರದು. ಅದಕ್ಕೆ ಸೂರು ಬೇಕೇ ಬೇಕು.

ಕೊಳ್ಳುವಾಗ ಅಡಾಪ್ಟರಿನ ಮೇಲೆ ಬಿಐಎಸ್ ನೋಂದಣಿ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ಎಂಟಂಕಿಯ ಸಂಖ್ಯೆ ಇದೆಯೇ ನೋಡಿ. 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ತಿಳಿಯುತ್ತದೆ.

ಕೈ ಕಟ್ಟಿ ನಿಲ್ಲಬೇಕಾದ ಜಾಗ

ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಡಾಪ್ಟರ್ ಆದರೆ ನೀವೇ ಚುಚ್ಚಿ. ಗೋಡೆಯ ವೈರಿಂಗ್ ಬಿಚ್ಚಬೇಕು, ಹೊಸ ಪಾಯಿಂಟ್ ಎಳೆಯಬೇಕು, ಸೀಲಿಂಗಿನೊಳಗಿನ ಡ್ರೈವರಿಗೆ 230 ವೋಲ್ಟಿನ ವೈರ್ ಸೇರಿಸಬೇಕು ಎಂದಾದರೆ ನಿಲ್ಲಿ. ಅದು ಸರ್ಕಾರದ ಪರವಾನಗಿ ಪಡೆದವರ ಕೆಲಸ. ಅವರನ್ನು ಕರೆಯುವುದು ಅವಮಾನವಲ್ಲ. ಇನ್ನು ಬೀದಿ ಕಂಬಕ್ಕೆ ಕೊಕ್ಕೆ ಹಾಕುವ ಚಾಳಿ! 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಅದನ್ನು ಕಳ್ಳತನ ಎನ್ನುತ್ತದೆ. ನಾಡಹಬ್ಬಕ್ಕೆ ಕದ್ದ ಕರೆಂಟೇ? ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಸಿಗುತ್ತದೆ, ಅರ್ಜಿ ಹಾಕಿ. ತಂತಿ ತುಂಡಾಗಿ ಬಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ನಮ್ಮ ತಪ್ಪನ್ನು ನಾವು ತಿದ್ದಿಕೊಳ್ಳೋಣ. ಡಬ್ಬಿಯ ತಪ್ಪನ್ನು ತಿದ್ದುವವರು ಯಾರು? ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಸಿದ ನಾಡು ಇದು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಉರಿಯಿತು. ನೂರಿಪ್ಪತ್ತು ವರ್ಷ ಕಳೆದರೂ 'ಮುಟ್ಟಬೇಡ' ಎಂಬ ಒಂದು ಮಾತು ಕನ್ನಡದಲ್ಲಿ ಸಿಗುವುದಿಲ್ಲ! ಪೊಟ್ಟಣಗಳ ಮೇಲಿನ ಬರಹಕ್ಕೆ 2011ರ ಕೇಂದ್ರ ನಿಯಮವೊಂದಿದೆ. ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಬಹುದು ಎನ್ನುತ್ತದೆ ಅದು. ಅಂದರೆ ಕನ್ನಡ ವ್ಯಾಪಾರಿಯ ಮರ್ಜಿಗೆ ಬಿಟ್ಟದ್ದು. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ಇಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸಾಮಾನಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಹಡಗಿನಲ್ಲಿ ಬಂದಿಳಿಯುವ ದೀಪದ ಪಟ್ಟಿ ಅದಕ್ಕೂ ಸಿಗದೆ ಜಾರಿಕೊಳ್ಳುತ್ತದೆ.

ಅದಕ್ಕೇ ಗೆಳೆಯರೇ, ಈ ಬಾರಿ ಅಂಗಡಿಗೆ ಹೋದಾಗ ಜಗಳ ಬೇಡ. ಡಬ್ಬಿ ಕೈಗೆತ್ತಿಕೊಂಡು ಒಂದೇ ಮಾತು ಕೇಳಿ: 'ಇದರ ಎಚ್ಚರಿಕೆ ಕನ್ನಡದಲ್ಲಿ ಎಲ್ಲಿದೆ?' ನೂರು ಮಂದಿ ಕೇಳಿದರೆ ಅಂಗಡಿಯವನು ಸಗಟು ವ್ಯಾಪಾರಿಯನ್ನು ಕೇಳುತ್ತಾನೆ, ಅವನು ತರಿಸುವವನನ್ನು ಕೇಳುತ್ತಾನೆ. ಅಲ್ಲಿಯವರೆಗೆ ನೀವೇ ಅದನ್ನು ಕನ್ನಡದಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸಿ. ನಮ್ಮ ಬೀದಿಯ ಆ ಹುಡುಗ ಅಂಟಿಸಿದ್ದಾನೆ. ಪಕ್ಕದಲ್ಲೇ ಆ ಕರಗಿದ ಅಡಾಪ್ಟರನ್ನೂ ಮೊಳೆಗೆ ತೂಗುಹಾಕಿದ್ದಾನೆ.